ನೀರಿನಿಂದ ನೋಡಿದ ಚಿತ್ತಾರ

ಮೊನ್ನೆ ಮಗಳ ಮನೆಯ ಗೇಟಿಗೆ ಬಣ್ಣ ಬಳಿದು, ಬೆರಳಿಗೆ ಅಂಟಿದ್ದನ್ನು ಟರ್ಪೆಂಟೈನಿನಲ್ಲಿ ಒರೆಸಿಕೊಳ್ಳುತ್ತಾ ಜಗಲಿಯಲ್ಲಿ ಕೂತಿದ್ದೆ. ಮೂವತ್ತು ವರ್ಷ ಬಣ್ಣದ ಡಬ್ಬಿಗಳ ಜೊತೆ ಬಾಳಿದವನು ನಾನು. ಆ ವಾಸನೆಗೆ ಯಾವ ಊರು ಬೇಕಾದರೂ ನೆನಪಾಗಬಹುದಿತ್ತು. ಆದರೆ ಪ್ರತಿ ಸಲವೂ ನನಗೆ ನೆನಪಾಗುವುದು ಒಂದೇ ಬೇಸಿಗೆ. ಆಗ ಅಣೆಕಟ್ಟಿನ ಹಿನ್ನೀರಿಗೆ ಸೇತುವೆ ಕಟ್ಟುವ ಕೆಲಸ ಇನ್ನೂ ನಡೆಯುತ್ತಿತ್ತು, ಹೊಳೆಬಾಗಿಲು ಕಡವಿನಿಂದ ಲಾಂಚುಗಳು ಜನರನ್ನೂ ಕಾರುಗಳನ್ನೂ ಹೊತ್ತು ಆಚೆ ದಡಕ್ಕೆ ಓಡಾಡುತ್ತಿದ್ದವು. ಅಲ್ಲಿಂದ ಸ್ವಲ್ಪ ದೂರದ ಹಿನ್ನೀರಿನ ದಂಡೆಯಲ್ಲಿ ನಾನು ಮೂರು ತಿಂಗಳು ಬಿಸಿಲು ಕುಡಿದು, ಎರಡು ಕಬ್ಬಿಣದ ಗೋಪುರಗಳಿಗೆ ಬಣ್ಣ ಹಚ್ಚಿದೆ. ಹಚ್ಚಿದ್ದನ್ನೇ ಅಳಿಸಿ ಇನ್ನೊಮ್ಮೆಯೂ ಹಚ್ಚಿದೆ.

ನಾನು ಸಾಗರ ಪೇಟೆಯಲ್ಲಿ ಬೋರ್ಡ್ ಬರೆಯುತ್ತಿದ್ದವನು. ಬಸ್ಸುಗಳ ಹಣೆಯ ಮೇಲಿನ ಹೆಸರು, ಕಿರಾಣಿ ಅಂಗಡಿಯ ಬಾಗಿಲು, ಶಾಲೆಯ ಗೋಡೆಯ ಗಾದೆ, ಯಕ್ಷಗಾನದ ಬ್ಯಾನರು, ಎಲ್ಲವೂ ನನ್ನ ಕೈಯಲ್ಲೇ ಆಗುತ್ತಿತ್ತು. ನಾನು ಬರೆದ 'ಕ' ನೋಡಿದರೆ ಸಾಕು, ಇದು ಶೇಖರನದ್ದು ಎಂದು ಜನ ಹೇಳುತ್ತಿದ್ದರು. ಅಥವಾ ಹೇಳುತ್ತಾರೆಂದು ನಾನು ನಂಬಿಕೊಂಡಿದ್ದೆ. ಫ್ಲೆಕ್ಸ್ ಬಂದ ಮೇಲೆ ನನ್ನ ಕೆಲಸ ಗೇಟು, ಕಿಟಕಿ, ನೀರಿನ ಟ್ಯಾಂಕುಗಳಿಗೆ ಇಳಿಯಿತು. ಜಂಬ ಮಾತ್ರ ಒಂದು ಮೆಟ್ಟಿಲೂ ಇಳಿಯಲಿಲ್ಲ. ಹಾಗಾಗಿ ಪಂಚಾಯಿತಿಯ ಮೇಡಂ ಕರೆಸಿ, ನೀರು ಕಾಯುವವರಿಗೆ ಎರಡು ಗೋಪುರ ನಿಲ್ಲಿಸುತ್ತಿದ್ದೇವೆ, ಚೆನ್ನಾಗಿ ಚಿತ್ರ ಬರೆದುಕೊಡಬೇಕು ಎಂದಾಗ, ಒಳಗೊಳಗೆ ಕುಣಿದರೂ ಮುಖ ಗಂಟು ಹಾಕಿಕೊಂಡು ನೋಡೋಣ ಎಂದೆ. ಆಕೆ ಮೊಬೈಲಿನಲ್ಲಿ ಯಾವುದೋ ದೇಶದ ಸಮುದ್ರತೀರದ ಫೋಟೋಗಳನ್ನು ತೋರಿಸಿದರು. ಮರಳಿನ ಮೇಲೆ ಸಾಲಾಗಿ ಪುಟ್ಟ ಗೋಪುರಗಳು. ಒಂದೊಂದಕ್ಕೂ ಒಂದೊಂದು ಬಣ್ಣ, ಮೀನು, ಹೂವು, ಕಾಮನಬಿಲ್ಲು. ಇಂಥದ್ದು ನಮ್ಮ ಹಿನ್ನೀರಿಗೂ ಬೇಕು ಎಂದು ಅವರ ಆಸೆ.

ಗೋಪುರ ಬೇಕೆಂದು ಕೇಳಿಕೊಂಡಿದ್ದವನು ಮಂಜಪ್ಪ. ಅಲ್ಲಿ ಜೀವರಕ್ಷಕನ ಕೆಲಸ ಮಾಡುತ್ತಿದ್ದ ಅವನು ಅದೇ ದಂಡೆಯ ಊರಿನವನು. ನಡೆಯುವುದಕ್ಕೆ ಮೊದಲೇ ಈಜು ಕಲಿತವನಂತೆ ಮೈಕಟ್ಟು, ಮಾತು ಮಾತ್ರ ಅಳೆದು ಸುರಿದ ಹಾಗೆ. ಭಾನುವಾರ ಬಂತೆಂದರೆ ಪೇಟೆಯ ಜನ ಗಾಳಿ ತುಂಬಿದ ಟ್ಯೂಬು ಹಿಡಿದು ನೀರಿಗೆ ಬೀಳುತ್ತಿದ್ದರು. ಮಧ್ಯಾಹ್ನ ಗಾಳಿ ಎದ್ದರೆ ಅದು ದಡದಿಂದ ಒಳಕ್ಕೆ ನೂಕುತ್ತದೆ. ಒಳಗೆ ಹೋದವರು ತಿರುಗಿ ನೋಡಿದರೆ ಸುತ್ತಲೂ ಒಂದೇ ತರದ ದಡ, ಒಂದೇ ತರದ ಗುಡ್ಡ. ಬಂದದ್ದು ಎಲ್ಲಿಂದ ಎಂದೇ ತಿಳಿಯದೆ, ಕಾಲು ಸಿಕ್ಕಿಕೊಳ್ಳುವಂಥ ಮರದ ಬೊಡ್ಡೆಗಳು ಮುಳುಗಿರುವ ಕಡೆಗೆ ಈಜತೊಡಗುತ್ತಾರೆ. ಹಿಂದಿನ ವರ್ಷ ಹಾಗೆ ದಾರಿ ತಪ್ಪಿದ ಇಬ್ಬರನ್ನು ಮಂಜಪ್ಪ ಉಸಿರು ಹೋಗುವಷ್ಟು ಹೊತ್ತಿಗೆ ಎಳೆದು ತಂದಿದ್ದನಂತೆ. ದಡದಲ್ಲಿ ದೂರಕ್ಕೆ ಕಾಣುವಂಥದ್ದು ಏನಾದರೂ ಒಂದು ನಿಲ್ಲಿಸಿ ಎಂದು ಅವತ್ತಿನಿಂದ ಕೇಳುತ್ತಿದ್ದ. ಕಬ್ಬಿಣದ ಕಾಲುಗಳ ಮೇಲೆ ತಗಡಿನ ಗೂಡು, ಹತ್ತಲು ಏಣಿ. ಊರವರು ಅದನ್ನು ಮಾಳ ಎಂದೇ ಕರೆದರು. ಗದ್ದೆಯಲ್ಲಿ ಹಂದಿ ಕಾಯಲು ಕಟ್ಟುವ ಅಟ್ಟಣೆಗೆ ನಮ್ಮ ಕಡೆ ಮಾಳ ಎನ್ನುತ್ತಾರೆ. ಹೊಳೆ ದಂಡೆಯ ಮಾಳದಲ್ಲಿ ಪೇಟೆಯವರನ್ನು ಕಾಯುವುದು, ಅಷ್ಟೇ ವ್ಯತ್ಯಾಸ.

ಶಿವರಾತ್ರಿ ಮುಗಿದ ವಾರ ಕೆಲಸ ಶುರುವಾಯಿತು. ಒಂದು ಮಾಳ ಜನ ನೀರಿಗಿಳಿಯುವ ಇಳಿಜಾರಿನಲ್ಲಿತ್ತು. ಇನ್ನೊಂದು, ನೀರಿನೊಳಕ್ಕೆ ಮೂಗಿನ ಹಾಗೆ ಚಾಚಿಕೊಂಡ ದಿಬ್ಬದ ಮೇಲೆ. ಕಬ್ಬಿಣಕ್ಕೆ ಮೊದಲು ರೆಡ್ ಆಕ್ಸೈಡ್ ಬಳಿಯಬೇಕು, ಇಲ್ಲದಿದ್ದರೆ ಒಂದೇ ಮಳೆಗೆ ತುಕ್ಕು. ಎರಡಕ್ಕೂ ಅದನ್ನು ಬಳಿದು, ದಿಬ್ಬದ ಮಾಳವನ್ನು ಮೊದಲು ಹಿಡಿದೆ. ಸೊಗಸಾದ ಆಕಾಶನೀಲಿ ಹಚ್ಚಿ, ಅದರ ಮೇಲೆ ಜಿಗಿಯುತ್ತಿರುವ ಡಾಲ್ಫಿನ್ನುಗಳನ್ನು ಬರೆದೆ. ಮೇಡಂ ತೋರಿಸಿದ ಫೋಟೋಕ್ಕಿಂತ ನನ್ನ ಡಾಲ್ಫಿನ್ನುಗಳೇ ಚೆನ್ನಾಗಿದ್ದವು, ಇದನ್ನು ಈಗಲೂ ಹೇಳುತ್ತೇನೆ.

ಅವುಗಳ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತು, ಬಹಳ ಹೊತ್ತು ನೋಡಿ, "ಇದೆಂತ ಮೀನು ಮಾರಾಯ್ರೇ? ನಮ್ಮ ಹೊಳೇಲಿ ಇಂಥದು ಯಾರೂ ಕಂಡಿಲ್ಲ" ಎಂದವಳು ದ್ಯಾವಮ್ಮ.

ದ್ಯಾವಮ್ಮ ಮಂಜಪ್ಪನ ಅತ್ತೆ, ಹೆಂಡತಿಯ ತಾಯಿ. ಅರವತ್ತು ದಾಟಿದ ದೀವರ ಹೆಂಗಸು. ಮಗಳು ಶಾಲೆಯಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಿದ್ದುದರಿಂದ ಮಧ್ಯಾಹ್ನ ಅಳಿಯನಿಗೆ ಬುತ್ತಿ ತರುವುದು ಈಕೆಯ ಪಾಲಿಗೆ ಬಂದಿತ್ತು. ಬುತ್ತಿಯನ್ನು ಏಣಿಯ ಕೆಳಗಿಟ್ಟು, ನನ್ನ ಕಡೆ ತಿರುಗಿ, ಅವರಿಗೆ ಊಟ ಬಂತು ಅಂತ ಹೇಳಿ ಎನ್ನುತ್ತಿದ್ದಳು. ಅವರು ಎಂದರೆ ಏಳು ಮೆಟ್ಟಿಲ ಮೇಲೆ ಕೂತಿದ್ದ ಮಂಜಪ್ಪ; ಕಿವಿ ಚೆನ್ನಾಗಿ ಕೇಳುವವನು. ಮೇಲಿನಿಂದ ಅವನೂ ನನಗೇ ಹೇಳುವನು: ಇಟ್ಟು ಹೋಗಲಿ, ಬಿಸಿಲಲ್ಲಿ ನಿಲ್ಲುವುದು ಬೇಡ ಅಂತ ಹೇಳಿ. ಅತ್ತೆ ಅಳಿಯನ ಜೊತೆ ನೇರ ಮಾತಾಡಬಾರದೆಂಬುದು ಆಕೆಯ ತವರಿನಿಂದ ಬಂದ ಪದ್ಧತಿ. ಈಗ ಅದನ್ನು ಯಾರೂ ಇಟ್ಟುಕೊಂಡಿಲ್ಲ. ಈಕೆ ಹನ್ನೆರಡು ವರ್ಷದಿಂದ ಬಿಟ್ಟಿರಲಿಲ್ಲ, ಅವನೂ ಮುರಿದಿರಲಿಲ್ಲ. ನಡುವೆ ಸಿಕ್ಕ ನಾನು ಇಬ್ಬರ ಮಾತನ್ನೂ ಆಚೆಯಿಂದ ಈಚೆಗೆ ದಾಟಿಸುತ್ತಿದ್ದೆ, ಇನ್ನೊಂದು ಲಾಂಚಿನ ಹಾಗೆ.

ಇಳಿಜಾರಿನ ಮಾಳ ಇನ್ನೂ ರೆಡ್ ಆಕ್ಸೈಡಿನಲ್ಲೇ ನಿಂತಿತ್ತು. ಒಂದು ದಿನ ದ್ಯಾವಮ್ಮ ಅದರ ತಗಡನ್ನು ಅಂಗೈಯಿಂದ ಸವರಿದಳು. ಕೆಮ್ಮಣ್ಣು ಸಾರಿಸಿದ ಹಾಗೇ ಉಂಟಲ್ಲ ಎಂದಳು. ಅವಳ ಕಡೆಯ ಹೆಂಗಸರು ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳುಪಿನಲ್ಲಿ ಚಿತ್ತಾರ ಬರೆಯುವುದನ್ನು ನಾನೂ ಕಂಡಿದ್ದೆ. ಮಾರನೆಯ ದಿನ ಬುತ್ತಿಯ ಜೊತೆ ಪುಂಡಿ ನಾರಿನ ಕುಂಚವೂ ಬಂತು. ನನ್ನ ಬಿಳಿ ಎನಾಮಲ್ಲಿನಲ್ಲಿ ಅದನ್ನು ಅದ್ದಿ ಒಂದು ಗೆರೆ ಎಳೆದಳು. ಸ್ಕೇಲಿಲ್ಲ, ಸುಣ್ಣದ ದಾರವಿಲ್ಲ. ಗೆರೆ ನೂಲು ಹಿಡಿದ ಹಾಗೆ ಹೋಯಿತು. ಮೂವತ್ತು ವರ್ಷದಲ್ಲಿ ನಾನು ಅಂಥ ಒಂದು ಗೆರೆ ಎಳೆದಿಲ್ಲ ಎಂದು ಆ ಕ್ಷಣಕ್ಕೇ ಗೊತ್ತಾಯಿತು, ಹೊಟ್ಟೆಯಲ್ಲಿ ಸಣ್ಣಗೆ ಉರಿಯೂ ಆಯಿತು. ಮೇಡಮ್ಮಿಗೆ ಫೋನು ಮಾಡಿ ಕೇಳಿದೆ. ಬರೆಯಲಿ, ಬರೆಯಲಿ ಎಂದರು.

ಮೂರು ವಾರ ಆಕೆ ಬರೆದಳು. ಬಲೆಯಂತೆ ಹೆಣೆದ ಎಳೆಗಳು, ನಡುವೆ ದಂಡಿಗೆ ಎಂಬ ಪಲ್ಲಕ್ಕಿಯಲ್ಲಿ ಕೂತ ಮದುಮಕ್ಕಳು, ಭತ್ತದ ಸಸಿ, ಸಾಲು ಹಕ್ಕಿ. ಬಂದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನನ್ನ ಡಾಲ್ಫಿನ್ನಿನ ಹತ್ತಿರ ಮಕ್ಕಳು ಮಾತ್ರ ಬರುತ್ತಿದ್ದವು, ಅವೂ ದಿಬ್ಬ ಹತ್ತಲು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ಉಲ್ಟಾ ಆಯಿತಲ್ಲ ಎಂದುಕೊಂಡೆ.

ಹಿನ್ನೀರಿನ ಒಂದು ಗುಣವನ್ನು ಇಲ್ಲಿ ಹೇಳಬೇಕು. ಸಮುದ್ರ ಇದ್ದಲ್ಲೇ ಇರುತ್ತದೆ. ಇದು ಬೇಸಿಗೆಯಲ್ಲಿ ದಿನಾ ಅಷ್ಟಷ್ಟು ಇಳಿಯುತ್ತಾ ಹೋಗುತ್ತದೆ. ನೀರು ದೂರವಾದಂತೆ ಮಾಳವನ್ನೂ ಟ್ರ್ಯಾಕ್ಟರಿಗೆ ಕಟ್ಟಿ ಕೆಳಕ್ಕೆ ಎಳೆಯಬೇಕು. ನಾವು ಕೆಲಸ ಶುರು ಮಾಡಿದಾಗ ಇಳಿಜಾರಿನ ಮಾಳದ ಹಿಂದೆ ಹುಲ್ಲಿತ್ತು, ಕಾಡಿನ ಅಂಚಿತ್ತು. ಏಪ್ರಿಲಿನಲ್ಲಿ ಅದನ್ನು ಎಳೆದು ನಿಲ್ಲಿಸಿದ್ದು ನೀರು ಬಿಟ್ಟುಹೋದ ಬರೀ ನೆಲದ ಮೇಲೆ. ಆ ನೆಲದ ಬಣ್ಣ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅವತ್ತಿನಿಂದ ಮಂಜಪ್ಪನ ಮುಖ ಸಪ್ಪಗಾಯಿತು. ಒಂದೆರಡು ಸಲ ನನ್ನ ಹತ್ತಿರ ಬಂದು, ಬಿಸಿಲು ಜೋರು ಅಲ್ದಾ ಎಂದು ಹೋದ. ಬುದ್ಧಿ ಇದ್ದಿದ್ದರೆ ನಾನೇ ಕೇಳಬೇಕಿತ್ತು.

ಅದೇ ತಿಂಗಳ ಕೊನೆಯ ಒಂದು ಭಾನುವಾರ, ಕಾಲೇಜಿನ ಮೂವರು ಹುಡುಗಿಯರು ಲಾರಿಯ ಟ್ಯೂಬು ಹಿಡಿದು ನೀರಿಗಿಳಿದಿದ್ದರು. ಒಂದು ಗಂಟೆಗೆ ಗಾಳಿ ಎದ್ದಿತು. ನೋಡುನೋಡುತ್ತಿದ್ದಂತೆ ಟ್ಯೂಬು, ಈಜುವವರಿಗೆ ಎಲ್ಲೆಯೆಂದು ಕಟ್ಟಿದ್ದ ಹಗ್ಗದ ಗುರುತು ದಾಟಿ ಆಚೆ ಹೋಯಿತು. ಮಂಜಪ್ಪ ಸೀಟಿ ಊದಿದ. ಗಾಳಿಯ ಸದ್ದಿನಲ್ಲಿ ಅದು ಮುಚ್ಚಿಹೋಯಿತು. ಅವರು ಕೈಯಲ್ಲೇ ಹುಟ್ಟು ಹಾಕಿದ ಹಾಗೆ ನೀರು ಬಗೆಯತೊಡಗಿದರು, ಆದರೆ ನಮ್ಮ ಕಡೆಗಲ್ಲ, ಬೊಡ್ಡೆಗಳಿರುವ ಎಡ ದಡದ ಕಡೆಗೆ. ಮಂಜಪ್ಪ ದೋಣಿ ನೂಕಿ ಹೊರಟ. ನಾನೂ ದ್ಯಾವಮ್ಮನೂ ನೀರಿನಂಚಿನಲ್ಲಿ ನಿಂತೇ ಇದ್ದೆವು. ದ್ಯಾವಮ್ಮ ದೇವರ ಹೆಸರು ಹೇಳುತ್ತಿದ್ದಳೋ ಬೈಯುತ್ತಿದ್ದಳೋ, ತುಟಿ ಮಾತ್ರ ಆಡುತ್ತಿತ್ತು. ಕೊನೆಗೆ ದೋಣಿ ತಿರುಗಿತು, ಅದರಲ್ಲಿ ನಾಲ್ಕು ತಲೆ ಕಂಡವು.

ದಡಕ್ಕೆ ಬಂದ ಮೇಲೆ ಒಬ್ಬಳು ಅಳುತ್ತಲೇ ಹೇಳಿದಳು: "ಟವರ್ ಎಲ್ಲಿದೆ ಅಂತ ಹುಡುಕ್ತಾನೇ ಇದ್ವಿ ಅಂಕಲ್. ದಡ ಪೂರ್ತಿ ಕೆಂಪಗಿತ್ತು. ಎಲ್ಲೂ ಕಾಣ್ಲಿಲ್ಲ."

ಅಂಚಿನ ಎಳೆ ತಿದ್ದುತ್ತಿದ್ದ ಕುಂಚ ದ್ಯಾವಮ್ಮನ ಕೈಯಲ್ಲಿ ಇನ್ನೂ ಹಾಗೇ ಇತ್ತು. ಹುಡುಗಿಯರನ್ನು ಅವರ ಕಡೆಯವರು ಕರೆದುಕೊಂಡು ಹೋದರು. ಆಮೇಲೆ ದ್ಯಾವಮ್ಮ ನನ್ನ ಕಡೆ ತಿರುಗಿ, ಇದು ಅವರಿಗೆ ಗೊತ್ತಿತ್ತಾ ಕೇಳಿ ಎಂದಳು. ಮಂಜಪ್ಪ ಎರಡು ಮಾರು ದೂರದಲ್ಲಿ ದೋಣಿಯ ನೀರು ಚೆಲ್ಲುತ್ತಿದ್ದ. ಕೇಳಿದೆ. ಗೊತ್ತಿತ್ತು ಅಂತ ಹೇಳಿ ಎಂದ. ಯಾವಾಗಿಂದ ಕೇಳಿ ಎಂದಳು. ಮಾಳ ಕೆಳಗೆ ಎಳೆದ ದಿನದಿಂದ ಅಂತ ಹೇಳಿ ಎಂದ. ನನಗೆ ಎಲ್ಲಿತ್ತೋ ಸಿಟ್ಟು ನೆತ್ತಿಗೇರಿತು. ಮೂರು ಮಕ್ಕಳು ಈಗಷ್ಟೇ ಸಾಯುವುದರಲ್ಲಿದ್ದವು, ನಿಮ್ಮ ಮಡಿ ಕಟ್ಟಿಕೊಂಡು ನನಗೇನಾಗಬೇಕು, ಏನಿದ್ದರೂ ನೀವು ನೀವೇ ಮಾತಾಡಿಕೊಳ್ಳಿ ಎಂದು ಇಬ್ಬರಿಗೂ ಸೇರಿಸಿ ಬೈದು, ಹೋಗಿ ಒಂದು ಕಲ್ಲಿನ ಮೇಲೆ ಕೂತೆ.

ಆಮೇಲೆ ದ್ಯಾವಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು ಅಳಿಯನ ಕಡೆ ತಿರುಗಿದಳು.

"ಎಂತಕ್ಕೆ ಹೇಳ್ಲಿಲ್ಲ?"

ಮಂಜಪ್ಪನ ಕೈ ಅಲ್ಲೇ ನಿಂತಿತು. "ನೀವು ಬರ್ದಿದ್ದಕ್ಕೆ ನಾ ಹ್ಯಾಂಗೆ ಹೇಳ್ಲಿ ಅತ್ತೆ?"

"ಆ ಮಕ್ಕಳಿಗೆ ಎಂತಾರೂ ಆಗಿದ್ರೆ?"

ದ್ಯಾವಮ್ಮ ಕುಂಚವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ದೋಣಿ ತೆಗೀರಿ. ನಾ ನೋಡ್ಬೇಕು" ಎಂದಳು.

ನಾನೂ ಹತ್ತಿದೆ, ಕೋಪ ಮಾಡಿಕೊಂಡು ದಡದಲ್ಲಿ ಕೂತರೆ ನೋಡುವುದು ತಪ್ಪುತ್ತದಲ್ಲ. ಆ ಹೊತ್ತಿಗೆ ಗಾಳಿ ಇಳಿದಿತ್ತು. ದ್ಯಾವಮ್ಮ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಕಣ್ಣು ಮುಚ್ಚಿ ಕೂತಿದ್ದಳು. ಹಗ್ಗದ ಗುರುತು ದಾಟಿ ಇನ್ನಷ್ಟು ಒಳಗೆ ಹೋದ ಮೇಲೆ ಮಂಜಪ್ಪ, ಈಗ ನೋಡಿ ಎಂದ. ನೋಡಿದೆವು. ಕೆಂಪು ದಡ ಉದ್ದಕ್ಕೆ ಮಲಗಿತ್ತು. ಮಾಳವೇ ಇರಲಿಲ್ಲ. ಎಲ್ಲಿ ಇರಬೇಕೆಂದು ಗೊತ್ತಿದ್ದ ನಾವೇ ಕಣ್ಣು ಕಿರಿದು ಮಾಡಿ ಹುಡುಕಬೇಕಾಯಿತು. ಅಷ್ಟು ಸಣ್ಣ ಎಳೆಗಳು, ದಂಡಿಗೆ, ಹಕ್ಕಿ, ಎಲ್ಲ ಮಣ್ಣಿನಲ್ಲಿ ಕರಗಿಹೋಗಿತ್ತು. ಅವಳ ಮುಖ ನೋಡಲಾರದೆ ನಾನು ದಿಬ್ಬದ ಕಡೆ ತಿರುಗಿದೆ. ನನ್ನದಾದರೂ ಕಾಣುತ್ತದೆ ಎಂದು ಒಳಗೊಂದು ಕೆಟ್ಟ ಸಮಾಧಾನ ಇತ್ತು, ಸುಳ್ಳೇಕೆ ಹೇಳಲಿ. ದಿಬ್ಬದ ತುದಿಯಲ್ಲಿ ನೀರಿನ ನೀಲಿಗೆ ದೂರದ ಗುಡ್ಡದ ನೀಲಿ, ಅದರ ಮೇಲೆ ಆಕಾಶದ ನೀಲಿ. ನನ್ನ ಮಾಳವೂ ಇರಲಿಲ್ಲ.

"ನಿಮ್ಮ ಮೀನು ಈಜ್ಕಂಡು ಹೋದ್ವಾ ಶೇಖರಣ್ಣ?" ಎಂದಳು ದ್ಯಾವಮ್ಮ.

ಮೊದಲು ನಕ್ಕವನು ಮಂಜಪ್ಪ. ಆಮೇಲೆ ನನಗೂ ತಡೆಯಲಾಗಲಿಲ್ಲ. ದೋಣಿ ಅಲ್ಲಾಡುವಷ್ಟು ನಕ್ಕೆವು, ಚಿತ್ರ ಬರೆದ ಇಬ್ಬರ ಕೊಬ್ಬೂ ಒಟ್ಟಿಗೇ ಇಳಿಯಿತು. ನಗು ನಿಂತ ಮೇಲೆ ಮಂಜಪ್ಪ, ಇಲ್ಲಿಂದ ನಿಮಗೆ ಎಂತ ಕಾಣ್ತದೆ ಹೇಳಿ ಎಂದು ಕೇಳಿದ. ಮೂವರೂ ನೋಡಿದೆವು. ಅಷ್ಟು ಉದ್ದದ ದಡದಲ್ಲಿ ಎದ್ದು ಕಾಣುತ್ತಿದ್ದುದು ಒಂದೇ ಒಂದು: ಶೇಂಗಾ ಮಾರುವವಳ ಹಳದಿ ಕೊಡೆ. ಬಿಳಿ ಬಳಿದರೆ ಬಿಸಿಲಿನ ಹೊಳಪಿನಲ್ಲಿ ತಪ್ಪಿಹೋಗುತ್ತದೆ, ಹಸಿರು ಕಾಡಿಗೆ ಸೇರುತ್ತದೆ, ನಾನು ದಿನಾ ದೋಣಿಯಿಂದ ನೋಡುವವನು ಎಂದ ಮಂಜಪ್ಪ. ಅಷ್ಟು ಮಾತು ಅವನ ಬಾಯಿಂದ ಒಟ್ಟಿಗೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ದ್ಯಾವಮ್ಮ ಯೋಚಿಸಿ, ಹಳದಿಯೂ ನಮ್ಮ ಚಿತ್ತಾರದ್ದೇ ಬಣ್ಣ, ಗುರಿಗೆ ಕಾಯಿಯಿಂದ ತೆಗೆಯುತ್ತಿದ್ದೆವು, ಕಪ್ಪೂ ನಮ್ಮದೇ, ಅಕ್ಕಿ ಹುರಿದು ಮಾಡುವುದು ಎಂದಳು. ಹಳದಿಯ ಮೇಲೆ ಕಪ್ಪು ಬರೆದರೆ ದೂರಕ್ಕೆ ಹೇಗೆ ಹೊಡೆಯುತ್ತದೆಂದು ಬಸ್ಸಿನ ಬೋರ್ಡು ಬರೆದ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗೊತ್ತಿದ್ದವನು ಅಲ್ಲಿಯವರೆಗೆ ಎಲ್ಲಿ ಸತ್ತಿದ್ದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಮಾರನೆಯ ದಿನ ಹಳದಿ ಡಬ್ಬಿ ತಂದೆ. ಮೂರು ವಾರ ಬರೆದದ್ದರ ಮೇಲೆ ಮೊದಲ ಪಟ್ಟಿ ಎಳೆಯಲು ನನಗೆ ಕೈ ಬರಲಿಲ್ಲ. ದ್ಯಾವಮ್ಮನೇ ಬ್ರಷ್ ಕಸಿದುಕೊಂಡು ದಂಡಿಗೆಯ ಮೇಲೆ, ಮದುಮಕ್ಕಳ ಮೇಲೆ, ಸರಸರನೆ ಎಳೆದುಬಿಟ್ಟಳು. ಮದುವೆ ಗೋಡೆಯ ಚಿತ್ತಾರವನ್ನೂ ವರ್ಷ ಕಳೆದರೆ ಸಾರಿಸಿ ಅಳಿಸುತ್ತೇವೆ, ಇದಕ್ಕೆಂತ ಅಳುವುದು ಎಂದಳು. ನನ್ನ ಡಾಲ್ಫಿನ್ನುಗಳನ್ನು ಅಳಿಸಲು ನಾನು ಎರಡು ದಿನ ನೆವ ಹುಡುಕಿದೆ; ಪ್ರೈಮರ್ ಒಣಗಲಿ ಎಂದೆ, ಬ್ರಷ್ ಗಟ್ಟಿಯಾಗಿದೆ ಎಂದೆ. ಆಮೇಲೆ ಕಣ್ಣು ಮುಚ್ಚಿ ಬಳಿದೆ.

ಜಗಳ ಹತ್ತಿದ್ದು ಎಳೆಯ ದಪ್ಪಕ್ಕೆ. ನೂಲಿನಂಥ ಗೆರೆ ನೀರಿನಿಂದ ಕಾಣುವುದಿಲ್ಲ, ಮೂರು ಬೆರಳಗಲ ಬೇಕು ಎಂದೆ. ಅಷ್ಟು ದಪ್ಪ ಆದರೆ ಅದು ಚಿತ್ತಾರ ಅಲ್ಲ, ಬೇಲಿ ಎಂದಳು. ಎರಡು ದಿನ ಮಾತು ಬಿಟ್ಟೆವು. ಕೊನೆಗೆ ತೀರ್ಪು ಕೊಟ್ಟವನು ಮಂಜಪ್ಪ: ನೀರಿನ ಕಡೆಯ ಮುಖಕ್ಕೆ ದಪ್ಪ ಎಳೆ, ದಡದ ಕಡೆಯ ಮುಖಕ್ಕೆ ಕೆಂಪಿನ ಮೇಲೆ ಅತ್ತೆಗೆ ಬೇಕಾದ ಹಾಗೆ. ಆಮೇಲೆ ಒಂದೊಂದು ಮಗ್ಗುಲು ಮುಗಿದಾಗಲೂ ಅತ್ತೆಯನ್ನು ದೋಣಿಯಲ್ಲಿ ಕೂರಿಸಿಕೊಂಡು ಒಳಗೆ ಹೋಗಿ ತೋರಿಸಿಕೊಂಡು ಬರುತ್ತಿದ್ದ. ಹೋಗುವಾಗ ಅದು ವಾರೆ, ಬರುವಾಗ ಇದು ಸಣ್ಣ ಎಂದು ಇಬ್ಬರೂ ವಾದಿಸುವುದು ದಡಕ್ಕೆ ಕೇಳುತ್ತಿತ್ತು. ಹನ್ನೆರಡು ವರ್ಷದ ಮಾತು ಬಾಕಿ ಇತ್ತಲ್ಲ. ಮಧ್ಯಾಹ್ನದ ಬುತ್ತಿಗೆ ಮೂವರೂ ಮಾಳದ ನೆರಳಿನಲ್ಲಿ ಕೂರುತ್ತಿದ್ದೆವು. ಹಲಸಿನಕಾಯಿ ಪಲ್ಯವೋ ಒಣಮೀನಿನ ಚಟ್ನಿಯೋ ಇರುತ್ತಿತ್ತು; ನನ್ನ ಪಾಲೂ ಸೇರಿಯೇ ಬರುತ್ತಿತ್ತು. ಅಷ್ಟು ನೆಮ್ಮದಿಯ ಕೆಲಸ ನಾನು ಮತ್ತೆ ಮಾಡಿಲ್ಲ.

ಮೇ ಕೊನೆಯ ಹೊತ್ತಿಗೆ ಎರಡೂ ಮಾಳ ಮುಗಿದವು. ಪಡುವಣದಲ್ಲಿ ಮೋಡ ಕಟ್ಟತೊಡಗಿತ್ತು, ಇನ್ನೊಂದು ವಾರಕ್ಕೆ ನೀರಿಗಿಳಿಯುವುದು ಬಂದ್. ಆ ಕೊನೆಯ ಭಾನುವಾರ ನಾನು ಡಬ್ಬಿ ಬ್ರಷ್ಷುಗಳನ್ನು ಕಟ್ಟಿಕೊಳ್ಳುತ್ತಿದ್ದೆ. ಮಂಜಪ್ಪ ಏಣಿಯ ಕೆಳಗೆ ನಿಂತಿದ್ದ, ದ್ಯಾವಮ್ಮ ಬುತ್ತಿ ಪಾತ್ರೆ ತೊಳೆಯುತ್ತಿದ್ದಳು. ಗಂಡ ಹೆಂಡತಿ ಇರಬೇಕು, ಇಬ್ಬರು ಈಜುತ್ತಾ ಹಗ್ಗದ ಗುರುತು ದಾಟಿಹೋಗಿದ್ದರು. ಗಾಳಿ ಒಮ್ಮೆಲೇ ಎದ್ದಿತು. ಮಂಜಪ್ಪ ಸೀಟಿ ಊದಿದ, ಕೇಳಿಸಲಿಲ್ಲ. ಆ ಎರಡು ತಲೆಗಳು ಅಲೆಯಲ್ಲಿ ಆ ಕಡೆ ಈ ಕಡೆ ತಿರುಗಿದವು, ಎಡಕ್ಕೆ ಹೋಗಲು ನೋಡಿದವು. ಮಂಜಪ್ಪ ದೋಣಿಗೆ ಕೈ ಹಾಕಿ ನೂಕಿಯೇಬಿಟ್ಟ. ಅಷ್ಟರಲ್ಲಿ ಮುಂದಿದ್ದವನು ನೀರಿನಿಂದ ಎದೆ ಎತ್ತಿ ನಮ್ಮ ಕಡೆ ನೋಡಿದ, ಹೆಂಗಸಿಗೆ ಕೈ ಮಾಡಿ ತೋರಿಸಿದ. ಇಬ್ಬರೂ ತಿರುಗಿ, ನೆಟ್ಟಗೆ ಮಾಳದ ಕಡೆಗೇ ಈಜತೊಡಗಿದರು.

"ನಿಲ್ಲಿ, ಬರ್ತಾ ಇದಾರೆ" ಎಂದಳು ದ್ಯಾವಮ್ಮ ಅಳಿಯನಿಗೆ. ಅವನು ದೋಣಿಯ ಅಂಚು ಹಿಡಿದು ಹಾಗೇ ನಿಂತ.

ದಡಕ್ಕೆ ಬಂದವರು ತಲೆ ಒರೆಸಿಕೊಂಡರು, ಮಂಜಪ್ಪನಿಂದ ಬೈಸಿಕೊಂಡರು, ಶೇಂಗಾ ಕೊಂಡು ತಿನ್ನುತ್ತಾ ಕಾರಿನ ಕಡೆ ನಡೆದರು. ಮಾಳವನ್ನು ತಿರುಗಿಯೂ ನೋಡಲಿಲ್ಲ, ಚೆನ್ನಾಗಿದೆ ಎನ್ನಲಿಲ್ಲ, ಒಂದು ಫೋಟೋ ತೆಗೆಯಲಿಲ್ಲ. ಮೂವತ್ತು ವರ್ಷ ಎಷ್ಟೋ ಬೋರ್ಡು ಬರೆದಿದ್ದೇನೆ. ಅಷ್ಟು ಸರಿಯಾಗಿ ಓದಿದವರನ್ನು ನಾನು ಕಂಡಿದ್ದು ಅವತ್ತೇ.